ಅಂಚಿನ ಪಕ್ಕದ ಕಲೆ

ಮನುಷ್ಯನಿಗೆ ಬರುವ ಅನರ್ಥ ಬೆಟ್ಟದಷ್ಟೇ ಇರಬೇಕೆಂದಿಲ್ಲ, ಲೋಟದಷ್ಟಿದ್ದರೂ ಸಾಕು. ಮದರಾಸಿನ ಮಾಧವರಂನ ಸುಶಮೀಂದ್ರನಿಗೆ ಅದು ಬಂದದ್ದು ಅರ್ಧ ಲೋಟ ಕಾಫಿಯ ರೂಪದಲ್ಲಿ.

ಸುಶಮೀಂದ್ರ ಕಾಫಿ ಬಿಟ್ಟು ಎಂಟು ತಿಂಗಳಾಗಿತ್ತು. ಅಂದರೆ, ಹೆಂಡತಿ ನೀರಜಾ ಹಾಗೆ ನಂಬಿದ್ದಳು. ಹೊಟ್ಟೆಯುರಿಗೆ ಕಾಫಿ ಕೂಡದೆಂದು ಡಾಕ್ಟರು ಹೇಳಿದ ಗುರುವಾರವೇ ಅವಳು ಅವನನ್ನು ರಾಯರ ಮಠಕ್ಕೆ ಕರೆದೊಯ್ದು, ಮಂತ್ರಾಕ್ಷತೆ ಕೈಯಲ್ಲಿರುವಾಗಲೇ "ಬಿಟ್ಟೆ" ಅನ್ನಿಸಿದ್ದಳು. ಅವನೂ ಅಂದಿದ್ದ. ಏನನ್ನು ಬಿಟ್ಟೆ ಎಂದು ಮಾತ್ರ ಬಿಡಿಸಿ ಹೇಳಿರಲಿಲ್ಲ. ಆ ಒಂದು ಸಂದಿಯಲ್ಲಿ ಅವನು ದಿನಾ ಬೆಳಗ್ಗೆ ಒಂದು ಲೋಟ ಕಾಫಿಯನ್ನು ನುಸುಳಿಸಿಕೊಳ್ಳುತ್ತಿದ್ದ. ಐದೂವರೆಗೆ ನೀರಜಾ ವಾಕಿಂಗ್ ಹೊರಟಳೆಂದರೆ ಅಡಿಗೆಮನೆಯಲ್ಲಿ ಫಿಲ್ಟರು ತೊಟ್ಟಿಕ್ಕತೊಡಗುತ್ತಿತ್ತು.

ಈ ಅಪರಾಧದಲ್ಲಿ ಅವನಿಗೊಬ್ಬರು ಪಾಲುದಾರರಿದ್ದರು, ಅತ್ತೆ ಜಯಲಕ್ಷ್ಮಮ್ಮ. ಅವರಿಗೆ ಎಪ್ಪತ್ತೆಂಟು ವರ್ಷ, ಸಕ್ಕರೆ ಕಾಯಿಲೆ. ಅಳಿಯ ಅವರ ಲೋಟಕ್ಕೆ ಒಂದು ಚಮಚ ಸಕ್ಕರೆ ಹಾಕಿ ಕೊಡುತ್ತಿದ್ದ. ಅವರು ಅವನ ಕಾಫಿಯ ವಿಷಯ ಬಾಯಿ ಬಿಡುತ್ತಿರಲಿಲ್ಲ. ಅತ್ತೆ-ಅಳಿಯ ಇಷ್ಟು ಅನ್ಯೋನ್ಯವಾಗಿರುವುದನ್ನು ಕಂಡು ಇಡೀ ಕಾಲೋನಿ ಮೆಚ್ಚಿಕೊಂಡಿತ್ತು.

ಒಂದು ಬೆಳಗ್ಗೆ ನೀರಜಾ ಕೊಡೆ ಮರೆತು ಅರ್ಧ ದಾರಿಯಿಂದ ವಾಪಸು ಬಂದಳು. ಗೇಟಿನ ಸದ್ದಾದದ್ದೇ ತಡ, ಸುಶಮೀಂದ್ರ ಲೋಟದ ಸಮೇತ ಮಲಗುವ ಕೋಣೆಗೆ ಓಡಿ, ಬೀರು ತೆರೆದು, ಸೀರೆಗಳ ಮೇಲೆ ಲೋಟವಿಟ್ಟು ಕದ ಹಾಕಿದ. ಹಾಕಿದ ರಭಸಕ್ಕೆ ಒಳಗೆ ಠಣ್ ಎಂದಿತು.

ಎಲ್ಲಕ್ಕಿಂತ ಮೇಲಿದ್ದದ್ದು ರಮಾಬಾಯಿಯವರ ಧಾರೆ ಸೀರೆ. ರಮಾಬಾಯಿ ಎಂದರೆ ಜಯಲಕ್ಷ್ಮಮ್ಮನ ತಾಯಿ, ನೀರಜಾಳನ್ನು ಎತ್ತಿ ಆಡಿಸಿದ ಅಜ್ಜಿ. ಹದಿನೆಂಟು ಮೊಳ, ಹಾಲುಬಣ್ಣದ ಒಡಲು, ಕುಂಕುಮಬಣ್ಣದ ಅಂಚು. ನೀರಜಾ ಅದನ್ನು ಉಟ್ಟವಳಲ್ಲ. ಆಗಾಗ ಹೊರತೆಗೆದು, ಮುಖಕ್ಕೆ ಒತ್ತಿಕೊಂಡು, ಮತ್ತೆ ಇಡುತ್ತಿದ್ದಳು. ಈಗ ಅದರ ಅಂಚಿನ ಪಕ್ಕದಲ್ಲಿ ಅಂಗೈಯಗಲದ ಕಾಫಿ ಕಲೆ. ಸುಶಮೀಂದ್ರ ಒರೆಸಿದ, ಕಲೆ ಹರಡಿತು. ನೀರು ಹಚ್ಚಿದ, ಇನ್ನಷ್ಟು ಹರಡಿತು. ಕೊನೆಗೆ ಕಲೆ ಒಳಗಾಗುವಂತೆ ಮಡಿಸಿಟ್ಟ. ಬೈಗುಳದ ಭಯ ಹಾಗಿರಲಿ, ಹೆಂಡತಿ ಆ ಸೀರೆಗೆ ಮುಖ ಒತ್ತಿಕೊಳ್ಳುವುದನ್ನು ನೆನೆದರೆ ಅವನಿಗೆ ನಿಜಕ್ಕೂ ಸಂಕಟವಾಗುತ್ತಿತ್ತು. ಆ ಸಂಕಟಕ್ಕೆ ಡಾಕ್ಟರ ಮಾತ್ರೆ ನಾಟುತ್ತಿರಲಿಲ್ಲ.

ಎರಡು ವಾರ ಕಳೆಯಿತು. ತಿರುವೊಟ್ಟಿಯೂರಿನಲ್ಲಿ ಜನಪದ ಕಲೆ, ಕೈಕಸುಬು, ಹಳೆಯ ಬಟ್ಟೆಗಳದ್ದೊಂದು ಪುಟ್ಟ ಮ್ಯೂಸಿಯಂ ಇದೆ. ಮನೆಮನೆಗಳ ಹಳೆಯ ಸೀರೆಗಳು ಬೇಕೆಂದು ಅವರು ಕೇಳಿದ್ದು ನೀರಜಾಳ ಕಿವಿಗೆ ಬಿತ್ತು.

"ಬೀರು ಒಳಗೆ ಕತ್ತಲಲ್ಲಿ ಕೂತ್ಕೊಂಡಿರೋದಕ್ಕಿಂತ ಅಜ್ಜಿ ಸೀರೇನ ನಾಲ್ಕು ಜನ ನೋಡ್ಲಿ," ಎಂದು ಅವಳು ಸೀರೆಯನ್ನು ಬಿಳಿ ಪಂಚೆಯಲ್ಲಿ ಸುತ್ತಿ ಗಂಡನ ಕೈಗಿಟ್ಟಳು.

ಮೊಬೈಲಿನಲ್ಲಿ ಮ್ಯೂಸಿಯಂನ ಫಾರಂ ತುಂಬುವ ಕೆಲಸ ಒಂಬತ್ತನೇ ಕ್ಲಾಸಿನ ಮಗಳು ಸಂಹಿತಾಳದು. ಫಾರಂನಲ್ಲಿ 'ಬೇರೆ ವಿವರಗಳು' ಎಂದೊಂದು ಜಾಗವಿತ್ತು. ಸುಶಮೀಂದ್ರನಿಗೆ ಉಪಾಯ ಹೊಳೆಯಿತು. ಕಲೆಯಾದ ಸೀರೆ ಎಂದು ಗೊತ್ತಾದರೆ ಬೇಡವೆನ್ನುತ್ತಾರೆ, ಸೀರೆ ಮಡಿಕೆ ಬಿಚ್ಚದೆ ಮನೆಗೆ ಬರುತ್ತದೆ. ಅವನು ಮಗಳ ಕಿವಿಯಲ್ಲಿ ಹೇಳಿದ.

"ಅಂಚಿನ ಪಕ್ಕದಲ್ಲಿ ದೊಡ್ಡ ಕಲೆ ಇದೆ, ಕಾಫಿ ಬಣ್ಣ ಅಂತ ಬರಿ. ಅಮ್ಮನಿಗೆ ಹೇಳ್ಬೇಡ."

"ಸರಿ ಪಾ," ಎಂದಳು ಸಂಹಿತಾ ತಲೆಯೆತ್ತದೆ. ಮನೆಯಲ್ಲಿ ಕನ್ನಡ ಕೇಳಿ, ಶಾಲೆಯಲ್ಲಿ ತಮಿಳು ಕಲಿತು, ಇಂಗ್ಲಿಷಿನಲ್ಲಿ ಬರೆಯುವ ಹುಡುಗಿ ಅವಳು.

ಮ್ಯೂಸಿಯಂನವರು ಬೇಡವೆನ್ನಲಿಲ್ಲ. ಬಹಳ ಸಂತೋಷದಿಂದ ಇಟ್ಟುಕೊಂಡರು. ಅಷ್ಟೇ ಅಲ್ಲ, ಮುಂದಿನ ತಿಂಗಳ ಮೊದಲ ಭಾನುವಾರ ಸೀರೆಗಳ ಕೋಣೆ ತೆರೆಯುತ್ತೇವೆ, ಮನೆಯವರೆಲ್ಲ ಬನ್ನಿ ಎಂದು ಕರೆದರು.

ಮನೆಯವರು ಎಂದರೆ ನಾಲ್ಕು ಜನ. ಆದರೆ ಕೆಳಗಿನ ಮನೆಯ ಗುರುಚರಣರಾಯರು ಇರುವ ಕಡೆ ನಾಲ್ಕು ನಾಲ್ಕಾಗಿ ಉಳಿಯುವುದಿಲ್ಲ. ರಿಟೈರಾದ ಮೇಲೆ ಕಾಲೋನಿಯ ಕಾರ್ಯದರ್ಶಿಯಾದವರು. ಯಾರ ಮನೆಯಲ್ಲಿ ಹಾಲು ಉಕ್ಕಿದರೂ ಅವರ ಮೂಗಿಗೆ ಮೊದಲು ತಿಳಿಯುತ್ತಿತ್ತು. ಭಾನುವಾರ ಬೆಳಗ್ಗೆ ಅವರು ಒಂದು ವ್ಯಾನು ತಂದು, ಅದರಲ್ಲಿ ಹನ್ನೆರಡು ಜನ ತುಂಬಿಸಿ, ಹಾರನ್ ಹೊಡೆಸಿದರು.

ಸುಶಮೀಂದ್ರನ ಲೆಕ್ಕಾಚಾರ ಸರಳವಾಗಿತ್ತು. ಎಲ್ಲರಿಗಿಂತ ಮೊದಲು ಒಳಗೆ ಹೋಗುವುದು, ಅಲ್ಲಿಯವರ ಕೈಕಾಲು ಹಿಡಿದಾದರೂ ಕಲೆ ಕಾಣದಂತೆ ಸೀರೆಯನ್ನು ಮಡಿಸಿ ಇಡಿಸುವುದು. ಆದರೆ ವ್ಯಾನು ಅರ್ಧ ದಾರಿಯಲ್ಲಿ ಹೋಟೆಲಿನೆದುರು ನಿಂತಿತು. ಉಳಿದವರೆಲ್ಲ ಪೊಂಗಲ್ ತಿಂದು ಕಾಫಿ ಕುಡಿಯುವವರೆಗೆ ಅವನು ಮಜ್ಜಿಗೆ ಹಿಡಿದುಕೊಂಡು ಕೂತ. ಎದುರಿಗೆ ಜಯಲಕ್ಷ್ಮಮ್ಮ ಸಕ್ಕರೆಯಿಲ್ಲದ ಕಾಫಿಯನ್ನು ಕಷಾಯದಂತೆ ನುಂಗುತ್ತಿದ್ದರು.

"ಒಂಬತ್ತು ತಿಂಗಳಾಯ್ತಂತೆ ಕಾಫಿ ಬಿಟ್ಟು," ಎಂದರು ಗುರುಚರಣರಾಯರು ಎಲ್ಲರಿಗೂ ಕೇಳುವಂತೆ. "ನೀರಜಾ, ನಿನ್ನ ಗಂಡ ಋಷಿ ಕಣಮ್ಮಾ. ನಮ್ಮ ಕೈಲಿ ಒಂಬತ್ತು ಗಂಟೆ ಆಗಲ್ಲ."

ನೀರಜಾ ಗಂಡನ ಮುಖ ನೋಡಿ ನಕ್ಕಳು. ಋಷಿ ಮಜ್ಜಿಗೆಯೊಳಗೆ ಮುಖ ಹುದುಗಿಸಿದ.

ಮ್ಯೂಸಿಯಂ ಒಂದು ಹಳೆಯ ತೊಟ್ಟಿಮನೆ. ವ್ಯಾನು ಪೂರ್ತಿ ನಿಲ್ಲುವ ಮೊದಲೇ ಸುಶಮೀಂದ್ರ ಇಳಿದು, ಚಪ್ಪಲಿ ಒಂದೊಂದು ದಿಕ್ಕಿಗೆ ಬಿಟ್ಟು ಒಳಗೆ ಓಡಿದ. ಮಣ್ಣಿನ ಕುದುರೆಗಳನ್ನು ದಾಟಿದ, ತೊಗಲುಗೊಂಬೆಗಳನ್ನು ದಾಟಿದ. ಮೂರನೆಯ ಕೋಣೆಯಲ್ಲೊಂದು ಮಗ್ಗವಿತ್ತು. ಅದರ ಪಕ್ಕದಲ್ಲಿ ನುಸುಳುವಾಗ ಉದ್ದಕ್ಕೆ ಕಟ್ಟಿದ ಹಾಸಿನ ನೂಲಿಗೆ ಕೈಗಡಿಯಾರ ಸಿಕ್ಕಿಕೊಂಡಿತು. ಎಳೆದರೆ ನೂಲು ಕಿತ್ತೀತು, ಬಿಟ್ಟರೆ ಮಾನ ಹೋದೀತು. ಅಲ್ಲೇ ನಿಂತು ಒಂದೊಂದೇ ಎಳೆ ಬಿಡಿಸಿಕೊಳ್ಳುವಷ್ಟರಲ್ಲಿ ಉಳಿದವರೆಲ್ಲ ಬಂದು, ಅದೂ ಪ್ರದರ್ಶನದ ಭಾಗವೆಂದು ಸ್ವಲ್ಪ ಹೊತ್ತು ನೋಡಿದರು.

"ಏನನ್ನೂ ಮುಟ್ಟಬಾರದು ಅಂತ ಬೋರ್ಡ್ ಹಾಕಿದಾರಲ್ರೀ," ಎಂದಳು ನೀರಜಾ.

"ಒಳ್ಳೇ ಜನ," ಎಂದರು ಜಯಲಕ್ಷ್ಮಮ್ಮ ಮೆಚ್ಚಿಕೊಂಡು. "ಈ ಕಾಲದಲ್ಲೂ ಇಷ್ಟು ಮಡಿ ಇಟ್ಕೊಂಡಿದಾರೆ."

ಕೈ ಬಿಡಿಸಿಕೊಂಡದ್ದೇ ಸುಶಮೀಂದ್ರ ಸೀರೆಗಳ ಕೋಣೆಗೆ ನುಗ್ಗಿದ. ನುಗ್ಗಿದವನು ಹಾಗೇ ನಿಂತ.

ಕೋಣೆಯ ನಡುವೆ ಗಾಜಿನ ಪೆಟ್ಟಿಗೆ. ಒಳಗೆ ರಮಾಬಾಯಿಯವರ ಸೀರೆ. ಮಡಿಸುವ ಮಾತು ದೂರ ಉಳಿಯಿತು, ಕಲೆಯನ್ನೇ ಮೇಲೆ ಮಾಡಿ ಹರಡಿ, ಅದರ ನೆತ್ತಿಗೊಂದು ದೀಪ ಹಾಕಿದ್ದರು. ಕೆಳಗಿನ ಫಲಕದ ತಮಿಳನ್ನು ಅವನು ಎರಡು ಸಲ ಓದಿದ. 'ರಮಾಬಾಯಿ ಅವರ ಧಾರೆ ಸೀರೆ. ವಿಶೇಷ: ಅಂಚಿನ ಪಕ್ಕದಲ್ಲಿ ಕಾಫಿ ಬಣ್ಣದ ದೊಡ್ಡ ಕಲಾಕೃತಿ. ಅಚ್ಚಿಲ್ಲದೆ ಕೈಯಿಂದಲೇ ಮಾಡಿದ್ದು.'

ಅವನಿಗೆ ಆಗ ಬೆಳಕು ಹರಿಯಿತು. ಕನ್ನಡಕ್ಕೆ ಉದಾರ ಮನಸ್ಸು. ಬಟ್ಟೆಗೆ ಆದದ್ದೂ ಕಲೆಯೇ, ಬಟ್ಟೆಯ ಮೇಲೆ ಬಿಡಿಸಿದ್ದೂ ಕಲೆಯೇ. ತಮಿಳಿನ 'ಕಲೈ'ಗೆ ಆ ಔದಾರ್ಯವಿಲ್ಲ, ಅದು ಬರೀ ಬಿಡಿಸಿದ್ದು. ಮಗಳು ಅಪ್ಪನ ಕನ್ನಡವನ್ನು ಶಾಲೆಯ ತಮಿಳಿನಲ್ಲಿ ಕೇಳಿಸಿಕೊಂಡು ಇಂಗ್ಲಿಷಿನಲ್ಲಿ ಬರೆದಿದ್ದಳು.

ಹಿಂದೆ ಹೆಜ್ಜೆ ಸದ್ದಾಯಿತು. ಸುಶಮೀಂದ್ರ ಗಾಜಿನ ಪೆಟ್ಟಿಗೆಗೆ ಬೆನ್ನು ಕೊಟ್ಟು ಎರಡೂ ಕೈ ಅಗಲಿಸಿ ನಿಂತ.

"ಸ್ವಲ್ಪ ಸರಿಯಪ್ಪಾ, ಚುಮ್ಮಾ ಸುಮ್ನೆ ನೀನೊಬ್ಬನೇ ನೋಡ್ತೀಯಲ್ಲ," ಎಂದು ಗುರುಚರಣರಾಯರು ಅವನನ್ನು ಪಕ್ಕಕ್ಕೆ ತಳ್ಳಿ, ಕನ್ನಡಕ ಏರಿಸಿ, ಕಲೆಯನ್ನು ನೋಡಿದರು. "ಆಹಾ. ಹಂಸ. ನೋಡಿ, ಇದು ಕೊಕ್ಕು, ಇದು ರೆಕ್ಕೆ."

"ಹಂಸ ಎಲ್ಲಿ ಬಂತು, ಅದು ತುಳಸಿಕಟ್ಟೆ," ಎಂದರು ಪಕ್ಕದ ಮನೆಯ ಜಾನಕಮ್ಮ. "ಹಿಂದಿನವರು ಏನು ಬರೆದ್ರೂ ದೇವರನ್ನ ಬಿಟ್ಟು ಬರೀತಿರಲಿಲ್ಲ."

ವ್ಯಾನಿನ ಜನ ಎರಡು ಪಂಗಡವಾಯಿತು. ನೀರಜಾ ಯಾವ ಪಂಗಡಕ್ಕೂ ಸೇರದೆ, ಗಾಜಿಗೆ ಹಣೆ ತಾಗಿಸಿ ಸುಮ್ಮನೆ ನೋಡುತ್ತಿದ್ದಳು. ಅವಳ ಮುಖದಲ್ಲಿ ಏನಿದೆಯೆಂದು ಗಂಡನಿಗೆ ತಿಳಿಯಲಿಲ್ಲ.

ಅಷ್ಟರಲ್ಲಿ ಮ್ಯೂಸಿಯಂ ನಡೆಸುವ ತಿಲಕವತಿ ಬಂದರು. ದೊಡ್ಡ ಕುಂಕುಮದ, ಮುಖವೆಲ್ಲ ನಗುವಿನ ಹೆಂಗಸು. ಅವರನ್ನು ದಾಟಿಕೊಂಡು ಜಯಲಕ್ಷ್ಮಮ್ಮ ಗಾಜಿನ ಹತ್ತಿರ ಬಂದರು, ಬಗ್ಗಿದರು, ತಮ್ಮ ತಾಯಿಯ ಸೀರೆಯನ್ನು ಒಂದು ನಿಮಿಷ ದಿಟ್ಟಿಸಿದರು.

"ಇದು ಕಲೆ," ಎಂದರು.

"ಆಮಾಂ ಮಾಮಿ, ಕಲೈ ತಾನ್," ಎಂದು ತಿಲಕವತಿ ಹಿಗ್ಗಿ ಹೌದೆಂದು ತಲೆಯಾಡಿಸಿದರು.

"ಕಾಫಿ ಕಲೆ."

"ಕಾಫಿ ಕಲೈ," ಎಂದು ತಿಲಕವತಿ ಪುಸ್ತಕ ತೆಗೆದು ಬರೆದುಕೊಂಡರು.

ಜಯಲಕ್ಷ್ಮಮ್ಮ ನಿಧಾನವಾಗಿ ತಿರುಗಿ ಅಳಿಯನನ್ನು ನೋಡಿದರು. ಅಳಿಯನ ಹಣೆಯ ಬೆವರಿನಲ್ಲಿ ಅವರಿಗೆ ಇಡೀ ಕತೆ ಓದಲು ಸಿಕ್ಕಿತು. ಅವನು ಸಿಕ್ಕಿಬಿದ್ದರೆ ತಮ್ಮ ಒಂದು ಚಮಚ ಸಕ್ಕರೆಯೂ ಸಿಕ್ಕಿಬೀಳುತ್ತದೆ ಎನ್ನುವುದೂ ಹೊಳೆಯಿತು. ಅವರು ಗಂಟಲು ಸರಿಪಡಿಸಿಕೊಂಡು, ಅರವತ್ತು ವರ್ಷ ಮದರಾಸಿನಲ್ಲಿ ಪಳಗಿಸಿದ ತಮಿಳಿನಲ್ಲಿ ತಿಲಕವತಿಗೆ ಹೇಳಿದರು: ತಮ್ಮ ತಾಯಿಗೆ ಕೈ ಬಹಳ ಚುರುಕು, ಗಟ್ಟಿ ಡಿಕಾಕ್ಷನ್ ಇಳಿಸಿ ಅದರಲ್ಲೇ ಬಣ್ಣ ಕಟ್ಟುತ್ತಿದ್ದರು, ಒಗೆದರೂ ಹೋಗುತ್ತಿರಲಿಲ್ಲ.

ಸುಶಮೀಂದ್ರನಿಗೆ ಅತ್ತೆಯ ಕಾಲಿಗೆ ಬೀಳಬೇಕೆನ್ನಿಸಿತು. ಕನ್ನಡ ಸರಿಯಾಗಿ ಬಾರದ ಮಗಳನ್ನು ಎತ್ತಿಕೊಂಡು ಕುಣಿಯಬೇಕೆನ್ನಿಸಿತು. ದಿನಾ 'ಕನ್ನಡ ಓದು' ಎಂದು ಅವಳನ್ನು ಗದರುತ್ತಿದ್ದುದನ್ನು ನೆನೆದು ನಾಚಿಕೆಯೂ ಆಯಿತು.

ತಿಲಕವತಿ ಕೈಮುಗಿದರು. ಇಂಥ ಹಳೆಯ ಧಾರೆ ಸೀರೆಗಳು ಹದಿನಾರು ಬಂದಿವೆ, ಹದಿನೈದು ಒಳಗೆ ಪೆಟ್ಟಿಗೆಯಲ್ಲಿವೆ, ಈ ಕಲೈ ಇದ್ದದ್ದರಿಂದಲೇ ಇದೊಂದಕ್ಕೆ ಗಾಜು, ದೀಪ ಎಂದರು. ನಿಮಗೆ ಎಷ್ಟು ನನ್ರಿ ಹೇಳಿದರೂ ಸಾಲದು ಎಂದರು. ಆಮೇಲೆ ಕೇಳಿದರು.

"ಇಪ್ಪೋ ವೀಟ್ಟಿಲೆ ಯಾರುಕ್ಕಾವದು ಇಂದ ಕಲೈ ತೆರಿಯುಮಾ?" ಈಗಲೂ ಮನೆಯಲ್ಲಿ ಈ ಕಲೆ ಬಲ್ಲವರು ಯಾರಾದರೂ ಇದ್ದಾರೆಯೇ?

ನೀರಜಾ ಗಾಜಿನಿಂದ ಹಣೆ ತೆಗೆದಳು. ಗಂಡನ ಕಡೆ ನೋಡುತ್ತಾ, ತಿಲಕವತಿಗೂ ತಿಳಿಯುವಂತೆ ಅವನ ಕಡೆ ಕೈ ತೋರಿಸಿ, ಒಂದೊಂದೇ ಮಾತು ಬಿಡಿಸಿ ಕನ್ನಡದಲ್ಲೇ ಹೇಳಿದಳು.

"ನಮ್ಮ ಮನೇಲಿ ಈ ಕಲೆ ಇವರ ಕೈಯಿಂದ ಮಾತ್ರ ಆಗೋದು."

ತಿಲಕವತಿಗೆ ಅದು ತಮಿಳಿನಲ್ಲಿ ಕೇಳಿಸಿತು. ಸುಶಮೀಂದ್ರನಿಗೆ ಕನ್ನಡದಲ್ಲಿ ಕೇಳಿಸಿತು. ಜನ ಚಪ್ಪಾಳೆ ತಟ್ಟಿದರು. ಪ್ರತಿ ಶನಿವಾರ ಬಂದು ನೋಡುವವರೆದುರು ಕಾಫಿ ಕಲೈ ಮಾಡಿ ತೋರಿಸಬೇಕೆಂದು ತಿಲಕವತಿ ಬೇಡಿಕೊಂಡರು. "ಬರ್ತಾರೆ," ಎಂದಳು ನೀರಜಾ.

ಹಿಂದಿರುಗುವಾಗ ವ್ಯಾನಿನ ಕೊನೆಯ ಸೀಟಿನಲ್ಲಿ ಸುಶಮೀಂದ್ರ ಮೆಲ್ಲಗೆ ಕೇಳಿದ.

"ಯಾವಾಗ ಗೊತ್ತಾಯ್ತು?"

"ಅವತ್ತೇ. ನಾನು ಅಂಚು ಹೊರಗೆ ಬರೋ ಹಾಗೆ ಮಡಿಸಿರ್ತೀನಿ. ನೀವು ಮಸಾಲೆ ದೋಸೆ ಥರ ಮಡಿಸಿದ್ರಿ. ಮುಖಕ್ಕೆ ಹಿಡಿದ್ರೆ ಅಜ್ಜಿ ವಾಸನೆ ಇಲ್ಲ, ಪೀಬೆರಿ ಕಾಫಿ ವಾಸನೆ. ಅಜ್ಜಿ ಜನ್ಮದಲ್ಲಿ ಕಾಫಿ ಮುಟ್ಟಿದೋಳಲ್ಲ."

"ಬೈಲಿಲ್ಲ ನೀನು."

"ಬೈಯೋಣ ಅಂತಲೇ ಕೊಟ್ಟಿದ್ದು. ಮ್ಯೂಸಿಯಂನವರು ಕಲೆ ನೋಡಿ ಏನ್ ಸಾರ್ ಇದು ಅಂತ ನಿಮ್ಮನ್ನ ಕೇಳ್ಲಿ, ನಾಲ್ಕು ಜನದ ಮುಂದೆ ನೀವೇ ಬಾಯಿ ಬಿಡಿ ಅಂತ." ಅವಳು ಕಿಟಕಿಯಾಚೆ ನೋಡಿದಳು. ಅವಳ ದನಿ ಮೆತ್ತಗಾಯಿತು. "ಆದ್ರೆ ಇವತ್ತು ಅಜ್ಜಿ ಹೆಸರನ್ನ ಫಲಕದ ಮೇಲೆ ನೋಡ್ದೆ. ಹದಿನಾರು ಸೀರೇಲಿ ಅವಳದಕ್ಕೆ ಮಾತ್ರ ದೀಪ. ನೀವು ಲೋಟ ಚೆಲ್ಲದೇ ಇದ್ದಿದ್ರೆ ಅವಳೂ ಪೆಟ್ಟಿಗೆಯೊಳಗೇ ಇರ್ತಿದ್ಲು. ಕೋಪ ಮಾಡ್ಕೊಳ್ಳೋಣ ಅಂದ್ರೆ ಬರ್ತಾನೇ ಇಲ್ಲ. ಒಳ್ಳೇದು ಮಾಡಿದ್ರಿ, ಹೋಗಿ."

ಸುಶಮೀಂದ್ರನ ಕಣ್ಣು ತುಂಬಿತು. ಇಂಥ ಹೆಂಡತಿ ಎಷ್ಟು ಜನಕ್ಕೆ ಸಿಗುತ್ತಾಳೆ ಎನ್ನಿಸಿತು. ಅದೇ ಉಸಿರಿನಲ್ಲಿ ಸಣ್ಣದೊಂದು ಆಸೆಯೂ ಚಿಗುರಿತು. "ಹಾಗಾದ್ರೆ ನಾಳೆಯಿಂದ ಬೆಳಗ್ಗೆ ಒಂದು ಅರ್ಧ ಲೋಟ..."

"ನಾಳೆಯಿಂದ ನನ್ನ ಜೊತೆ ವಾಕಿಂಗ್ ಬರ್ತೀರ," ಎಂದಳು ನೀರಜಾ. "ಸಕ್ಕರೆ ಡಬ್ಬಿ ಬೀರು ಒಳಗೆ ಹೋಗುತ್ತೆ. ಅಮ್ಮಾ, ಕೇಳಿಸ್ತಾ?"

ಮುಂದಿನ ಸೀಟಿನಲ್ಲಿ ಜಯಲಕ್ಷ್ಮಮ್ಮ ತಟ್ಟನೆ ನಿದ್ದೆಹೋದರು.

ಮುಂದಿನ ಶನಿವಾರ ಸುಶಮೀಂದ್ರ ಮ್ಯೂಸಿಯಂನ ತೊಟ್ಟಿಯಲ್ಲಿ ಬಿಳಿ ಬಟ್ಟೆ ಹರಡಿಕೊಂಡು ಕೂತಿದ್ದ. ಎದುರಿಗೆ ನಾಲ್ಕು ಲೀಟರು ಡಿಕಾಕ್ಷನ್, ಆಗಷ್ಟೇ ಇಳಿಸಿದ್ದು, ಅದರ ಘಮ ಬೀದಿಯವರೆಗೆ ಹೋಗಿತ್ತು. ಬಲಕ್ಕೆ ನೀರಜಾ, ಎಡಕ್ಕೆ ಜಯಲಕ್ಷ್ಮಮ್ಮ. ಅತ್ತೆ-ಅಳಿಯ ಇಬ್ಬರೂ ಪಾತ್ರೆಯನ್ನು ನೋಡುತ್ತಿದ್ದರು. ಜನ ಮುತ್ತಿಕೊಂಡಿದ್ದರು. ಅವನು ಲೋಟದಲ್ಲಿ ತುಂಬಿಕೊಂಡು, ಮೂಗಿನವರೆಗೆ ಎತ್ತಿ, ಉಸಿರೆಳೆದುಕೊಂಡು, ಬಟ್ಟೆಯ ಮೇಲೆ ಚೆಲ್ಲಿದ. ಎಲ್ಲರೂ ಆಹಾ ಎಂದರು. ತಿಲಕವತಿ ಕೃತಜ್ಞತೆಯಿಂದ ಅವನ ಪಕ್ಕದಲ್ಲೊಂದು ದೊಡ್ಡ ಲೋಟ ತಂದಿಟ್ಟರು.

"ಕುಡಿಯಿರಿ ಸಾರ್," ಎಂದು ಕಲಿತುಬಂದ ಕನ್ನಡದಲ್ಲೇ ಹೇಳಿದರು. "ನೀವು ಕಾಫಿ ಮುಟ್ಟಲ್ಲ ಅಂತ ಮೇಡಂ ಹೇಳಿದಾರೆ. ಮಜ್ಜಿಗೆ."