ಸ್ಮಾರ್ಟ್ ಕ್ಲಾಸಿನ ಪಡುವಣ ಗೋಡೆ

“ಏಳನೇತ್ತಾಕ್ಕ ಸಾಲಿ ಬಿಟ್ಟ ಗೌಂಡಿ ನೀ. ಸೂರ್ಯಾ ಯಾವ ಕಡಿ ಮುಳಗ್ತಾನಂತ ನನಗ ಪಾಠಾ ಹೇಳ್ತಿ ಏನು?”

ಡಿಜೈನರ್ ಮುಕುಂದ ಇದನ್ನು ಮೆಲ್ಲಗೆ ಹೇಳಲಿಲ್ಲ. ಬಣ್ಣ ಬಳಿಯುತ್ತಿದ್ದ ನಬಿಸಾಬ್ ಕೇಳಿದ. ಕಂಪ್ಯೂಟರ್ ಟೀಚರ್ ಅಂಬರೀನ್ ಕೇಳಿದಳು. ಕುರ್ಚಿ ಇಳಿಸುತ್ತಿದ್ದ ಹಮಾಲರು ಕುರ್ಚಿ ಹೊತ್ತುಕೊಂಡೇ ನಿಂತು ಕೇಳಿದರು. ಶಾಲಾ ಸಂಸ್ಥೆಯ ಅಧ್ಯಕ್ಷ ಸೂಗಪ್ಪ ಸಾಹುಕಾರರು ನಕ್ಕರು. ಸಾಹುಕಾರರು ನಕ್ಕ ಮೇಲೆ ಕಮಲಾಪುರದಲ್ಲಿ ನಗದೆ ಇರುವುದು ಸಣ್ಣ ಧೈರ್ಯವಲ್ಲ, ಆದ್ದರಿಂದ ಎಲ್ಲರೂ ನಕ್ಕರು.

ಗೌಂಡಿ ಮೌನೇಶ ಹೇಳಿದ್ದು ಇಷ್ಟೇ: ಸ್ಮಾರ್ಟ್ ಕ್ಲಾಸಿನ ಗಾಜಿನ ಗೋಡೆ ಪಡುವಣಕ್ಕೆ ಮುಖ ಮಾಡಿದೆ, ಉದ್ಘಾಟನೆಗೆ ದೊಡ್ಡ ಅಧಿಕಾರಿ ಮೇಡಂ ಬರುವುದು ಇವತ್ತೇ ಸಂಜೆ ನಾಲ್ಕಕ್ಕೆ, ಜೂನ್ ಬಂದರೂ ಮಳೆಯ ಸುದ್ದಿಯಿಲ್ಲ, ಮಕ್ಕಳು ಒಳಗೆ ಬೇಯುತ್ತವೆ. ಆ ಕೋಣೆಯ ಮೂರು ಗೋಡೆ ಅವನೇ ಕಟ್ಟಿದ್ದ. ನಾಲ್ಕನೆಯದು ಹದಿನಾಲ್ಕು ಅಡಿ ಎತ್ತರದ ಗಾಜು, ಹೈದರಾಬಾದಿನಿಂದ ಲಾರಿಯಲ್ಲಿ ಬಾಣಂತಿಯಂತೆ ಹಾಸಿಗೆಯ ಮೇಲೆ ಮಲಗಿಕೊಂಡು ಬಂದಿತ್ತು.

“ಇನ್ನೊಂದು,” ಎಂದ ಮುಕುಂದ. “ಮುಂದಿನ ಆ ಬೇವಿನ ಗಿಡಾ ಮಧ್ಯಾಹ್ನದೊಳಗ ಕಡಸು. ಬಿಲ್ಡಿಂಗಿನ ಫೋಟೋಕ್ಕ ಅಡ್ಡ ಬರ್ತದ.”

ಮೌನೇಶ ಕೈಯಲ್ಲಿದ್ದ ಕರಣಿಯ ಗಾರೆ ಒರೆಸಿದ. ಅದನ್ನು ಎಲ್ಲಿ ಊರಬೇಕೆಂದು ಅವನಿಗೆ ಸ್ಪಷ್ಟವಾಗಿ ಗೊತ್ತಿತ್ತು. ಆದರೆ ಸಾಹುಕಾರರು ಅಡಿಗಲ್ಲಿನ ಪೂಜೆಯ ದಿನ, ಕುಂಕುಮದ ಕೈಯಿಂದಲೇ ಅವನ ಹೆಗಲು ಮುಟ್ಟಿ ಮಾತು ಕೊಟ್ಟಿದ್ದರು: “ಸಾಲಿ ಮುಗೀಲಿ, ಒಂದನೇತ್ತಾದಾಗ ಮೊದಲನೇ ಸೀಟು ನಿನ್ನ ಮಗಳು ಸೃಷ್ಟಿದು.” ಆ ಒಂದು ಸೀಟಿಗಾಗಿ ಮೌನೇಶ ಒಂದೂವರೆ ವರ್ಷ ಹಲ್ಲು ಕಚ್ಚಿಕೊಂಡಿದ್ದ. ಇನ್ನೊಂದು ದಿನಕ್ಕೆ ಹಲ್ಲೇನೂ ಉದುರುವುದಿಲ್ಲ.

ಸಾಹುಕಾರರು ನಡುವೆ ಬಾಯಿ ಹಾಕಿದರು. “ಹೇಳೋದು ಹೇಳ್ಯಾನ, ಒಂದು ಪರದಾ ಹಾಕಿದ್ರ ಏನು ಹೋಗ್ತದರಿ? ಮೌನೇಶ, ನೀನ ಹೇಳಿದಿ, ನೀನ ಹೋಗಿ ತಾ.”

ಹೀಗೆ ಸತ್ಯ ಹೇಳಿದ ತಪ್ಪಿಗೆ ಮೌನೇಶ ಬೈಕ್ ಹತ್ತಿ ಕಲಬುರಗಿಗೆ ಹೋದ. ಸ್ಟೇಶನ್ ಬಜಾರಿನಲ್ಲಿ ಆರು ಅಂಗಡಿ ತಿರುಗಿದ. ಆರನೆಯವನು ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿ, “ಏಳು ಫೂಟಿನ ಮ್ಯಾಲ ಪರದಾ ನಹೀ ಮಿಲ್ತಾ ಭಾಯಿ. ನೀ ಕಟ್ಟಿದ್ದು ಮನಶೇರ್ಗೋ ಆನಿಗೋ?” ಎಂದ. ಇದ್ದದ್ದೂ ಒಂದೇ ಸಾಲಿಗೆ ಆಗುವಷ್ಟು. ಎರಡು ಗಂಟೆಗೆ ಸುಟ್ಟ ಬದನೆಕಾಯಿಯಂಥ ಮುಖ ಹೊತ್ತು ಮೌನೇಶ ಮರಳಿ ಬಂದು ಆ ಪರದೆಗಳನ್ನು ಕೆಳಗಿನ ಅರ್ಧಕ್ಕೆ ಕಟ್ಟಿದಾಗ, ಗಾಜಿನ ಗೋಡೆ ಲಂಗೋಟಿ ಕಟ್ಟಿದ ಪೈಲವಾನನಂತೆ ಕಂಡಿತು.

“ಗಿಡಾ ಯಾಕ ಇನ್ನಾ ನಿಂತದ?” ಮುಕುಂದ ಗುಡುಗಿದ.

“ಗರಗಸದಾಂವ ಬರಲಿಲ್ರಿ.” ಮೌನೇಶ ಗರಗಸದವನಿಗೆ ಹೇಳಿರಲೇ ಇಲ್ಲ. ಆ ಗಿಡದ ಸುತ್ತ ಉಳಿದ ಶಹಾಬಾದ ಪರಸಿಕಲ್ಲು ಹಾಸಿ, ಕೂಲಿಯವರು ರೊಟ್ಟಿ ಬಿಚ್ಚಲೆಂದು ಒಂದು ಕಟ್ಟೆ ಕಟ್ಟಿದ್ದ. ಇಡೀ ಶಾಲೆಯಲ್ಲಿ ಯಾರ ನಕಾಶೆಯೂ ಇಲ್ಲದೆ ಎದ್ದದ್ದು ಅದೊಂದೇ.

“ಮ್ಯಾಲಿನ ಅರ್ಧಕ್ಕ ಏನರೆ ಕಟ್ರಿ, ಲಗೂನ!” ಎಂದರು ಸಾಹುಕಾರರು. ನಬಿಸಾಬ್ ಓಡಿ ಅವರದೇ ಅಡತಿ ಅಂಗಡಿಯಿಂದ ಗೋಣಿಚೀಲ ಹೊತ್ತು ತಂದ. ಇಬ್ಬರೂ ಏಣಿ ಹಾಕಿ ಕಟ್ಟಿದರು. ಚೀಲದಲ್ಲಿ ಮೊನ್ನೆಯವರೆಗೆ ಏನಿತ್ತೆಂದು ಕೇಳಲು ಯಾರಿಗೂ ಪುರುಸೊತ್ತಿರಲಿಲ್ಲ.

ಮೂರೂವರೆಗೆ ನಲವತ್ತು ಮಕ್ಕಳನ್ನು ಒಳಗೆ ಕೂರಿಸಿದರು. ತಾಲೀಮಿಗೆ ಎರಡು ಮಕ್ಕಳು ಕಡಿಮೆ ಬಿದ್ದುದರಿಂದ ಸೃಷ್ಟಿಗೂ ಒಂದು ಟೈ ಸಿಕ್ಕಿತ್ತು. ಮುಕುಂದ ಎಸಿ ಒತ್ತಿದ. ಟ್ರಾನ್ಸ್‌ಫಾರ್ಮರ್ ಒಮ್ಮೆ ಕೆಮ್ಮಿ ಸುಮ್ಮನಾಯಿತು. ಜನರೇಟರಿನ ಮೇಲೆ ಸ್ಮಾರ್ಟ್ ಬೋರ್ಡು ಮಾತ್ರ ನಡೆಯುತ್ತಿತ್ತು.

“ಮಕ್ಕಳೇ, ಇವತ್ತು ಸೌರಮಂಡಲ,” ಎಂದು ಅಂಬರೀನ್ ಬೋರ್ಡು ಮುಟ್ಟಿದಳು. ಪರದೆ, ಚೀಲಗಳ ಸಂದಿಯಿಂದ ಬಿಸಿಲು ನೇರ ಬೋರ್ಡಿಗೆ ಹೊಡೆಯುತ್ತಿತ್ತು. ಪಾಠಕ್ಕೆ ಸ್ವತಃ ಸೂರ್ಯನೇ ಬಂದು ಕೂತಿದ್ದ.

“ಬೋರ್ಡಿನಾಗ ಏನು ಕಾಣಸ್ತದ?”

“ಎಮ್ಮಿ ರೀ ಟೀಚರ್!” ಸೃಷ್ಟಿ ಎದ್ದು ನಿಂತಳು. ಸುಳ್ಳಲ್ಲ. ಗಾಜಿನಾಚೆ ಹಿಂದಿನ ರಸ್ತೆಯಲ್ಲಿ ಹೋಗುತ್ತಿದ್ದ ಎಮ್ಮೆ ಪರದೆಯ ಸಂದಿಯಿಂದ ಬೋರ್ಡಿನಲ್ಲಿ ಪ್ರತಿಬಿಂಬಿಸಿ ಅಡ್ಡಹಾಯುತ್ತಿತ್ತು.

ಆಗ ಯಾರೋ ಸೀನಿದರು. ಆಮೇಲೆ ಹತ್ತು ಮಕ್ಕಳು ಸೀನಿದವು. ಬಿಸಿಲಿಗೆ ಕಾದ ಗೋಣಿಚೀಲಗಳಿಂದ ಖಾರದ ಘಾಟು ಇಳಿಯತೊಡಗಿತ್ತು. ಅವು ಮೆಣಸಿನಕಾಯಿ ಚೀಲಗಳು. ಗಾಜಿನ ಕೋಣೆ ಮದುವೆ ಮನೆಯ ಒಗ್ಗರಣೆಯ ಕಡಾಯಿ ಆಯಿತು. ಕಣ್ಣುಜ್ಜಿಕೊಂಡು ಮಕ್ಕಳು ಅಳುತ್ತಿದ್ದವು. ಒಂದು ಕೂಸು ಅಲ್ಲೇ ವಾಂತಿ ಮಾಡಿತು. ಬೋರ್ಡು “ತಾಪಮಾನ ಹೆಚ್ಚಾಗಿದೆ” ಎಂದು ಬರೆದು ತಾನೇ ಕಣ್ಣು ಮುಚ್ಚಿತು.

“ಯಾರನ್ನೂ ಹೊರಗ ಬಿಡಬ್ಯಾಡ್ರಿ, ಮೇಡಂ ಗಾಡಿ ಟೋಲ್ ದಾಟ್ಯದ!” ಮುಕುಂದ ಬಾಗಿಲಿಗೆ ಅಡ್ಡ ನಿಂತ.

ಮೌನೇಶ ಅವನನ್ನು ಇಟ್ಟಿಗೆ ಸರಿಸಿದಂತೆ ಸರಿಸಿ ಬಾಗಿಲು ತೆರೆದ. ಮಕ್ಕಳನ್ನೆಲ್ಲ ಬೇವಿನ ಕಟ್ಟೆಗೆ ಕರೆತಂದ. ನೀರು ಕುಡಿಸಿದ, ಮುಖ ತೊಳೆದ. ಅಂಬರೀನ್ ಬೇವಿನಕಾಯಿಗಳನ್ನು ಪರಸಿಯ ಮೇಲಿಟ್ಟು, “ಇದು ಸೂರ್ಯಾ, ಇದು ಭೂಮಿ,” ಎಂದು ಸಮಾಧಾನ ಮಾಡುತ್ತಿದ್ದಾಗ ಗಾಡಿ ಬಂದು ನಿಂತಿತು.

ದೊಡ್ಡ ಅಧಿಕಾರಿ ಸುನಂದಾ ಮೇಡಂ ಇಳಿದವರು ಗಾಜಿನ ಕಡೆ ನೋಡಲೂ ಇಲ್ಲ. ಕಟ್ಟೆಯ ಮೇಲೆ ಕೂತರು, ಸೃಷ್ಟಿಯನ್ನು ತೊಡೆಯ ಮೇಲೆ ಕೂರಿಸಿಕೊಂಡರು, ಕ್ಯಾಮೆರಾದವರು ಸುತ್ತುವರಿದರು.

“ಇದಪಾ ಆಧುನಿಕ ಶಾಲೆ! ಯಾರ ಐಡಿಯಾ ಇದು?”

ಮೌನೇಶ ಬಾಯಿ ತೆರೆದ.

“ನನ್ನ ಕಾನ್ಸೆಪ್ಟ್ ಮೇಡಂ,” ಎಂದ ಮುಕುಂದ. “ಈ ಗಿಡಾ ಉಳಸ್ಕೊಂಡ ಇಡೀ ಬಿಲ್ಡಿಂಗ್ ಮಾಡೀನಿ.”

ಮೌನೇಶ ಸಾಹುಕಾರರ ಕಡೆ ನೋಡಿದ. ಸಾಹುಕಾರರು ಕಣ್ಣಲ್ಲೇ ‘ಸೀಟು’ ಎಂದರು. ಮೌನೇಶ ಬಾಯಿ ಮುಚ್ಚಿದ. ಚಪ್ಪಾಳೆ ಬಿತ್ತು. ಮೇಡಂ ಅಲ್ಲೇ ಘೋಷಿಸಿದರು: ಇದು ಮಾದರಿ ಶಾಲೆ. ಇವತ್ತಿನಿಂದ ಇಲ್ಲಿ ಶಿಫಾರಸು ಇಲ್ಲ, ಬಾಯಿಮಾತಿಲ್ಲ, ಎಲ್ಲ ಸೀಟೂ ಶಾಲೆಯ ಆನ್‌ಲೈನ್ ಪೋರ್ಟಲ್ ಮೂಲಕವೇ.

ಗಾಡಿ ಹೋಯಿತು. ಮೌನೇಶ ಮಗಳ ಕೈ ಹಿಡಿದು ಕಂಪ್ಯೂಟರಿನ ಮುಂದೆ ನಿಂತ. ಅಂಬರೀನ್ ಹೆಸರು ಹಾಕಿದಳು, ತಗೊಂಡಿತು. ಊರು ಹಾಕಿದಳು, ತಗೊಂಡಿತು. ತಂದೆಯ ವಿದ್ಯಾರ್ಹತೆಗೆ ಬಂದು ಅವಳ ಕೈ ನಿಂತಿತು.

“ಪಟ್ಟಿ ಹತ್ತನೇತ್ತಾದಿಂದ ಚಾಲೂ ಅದ ಭಾಯಿ. ಏಳನೇತ್ತಾ ಇಲ್ಲೇ ಇಲ್ಲ.”

“ಅವರವ್ವಂದು ಹಾಕ್ರಿ. ಸುಜಾತಾ, ಐದನೇತ್ತಾ.”

“ಅದೂ ಇಲ್ಲ. ಸುಳ್ಳ ಒತ್ತಿದ್ರ ಮಾರ್ಕ್ಸ್ ಕಾರ್ಡಿನ ಫೋಟೋ ಕೇಳ್ತದ.” ಅವಳು ಮುಖ ತಗ್ಗಿಸಿದಳು. “ಫಾರ್ಮ್ ಮುಕುಂದ ಸರ್ ಮಾಡ್ಯಾರ. ಸಾಲಿ ಡಿಜೈನ್ ಅಂದ್ರ ಅದೂ ಬರ್ತದಂತ.”

ಮೌನೇಶ ಅಂಗಳಕ್ಕೆ ಬಂದ. “ಸಾಹುಕಾರ್ರೆ, ಮಾತು ಕೊಟ್ಟಿದ್ರಿ.”

“ಕೊಟ್ಟೀನಪಾ, ಇಲ್ಲಂದೇನು? ಆದ್ರ ನೀನೂ ಕೇಳಿದೆಲ್ಲ, ಈಗ ಸೀಟು ನನ್ನ ಕೈಯಾಗ ಇಲ್ಲ. ಎಲ್ಲಾ ಪಾರದರ್ಶಕ. ಗಾಜು ಇದ್ದಂಗ!” ಎಂದು ಸಾಹುಕಾರರು ಮೊಬೈಲ್ ತೋರಿಸಿದರು. ಶಾಲೆಯ ಹೊಸ ಜಾಹೀರಾತು ಆಗಲೇ ಬಂದಿತ್ತು. ಮೇಡಂ ತೊಡೆಯ ಮೇಲೆ ಟೈ ಕಟ್ಟಿಕೊಂಡ ಸೃಷ್ಟಿ ನಗುತ್ತಿದ್ದಳು. ಕೆಳಗೆ ದಪ್ಪಕ್ಷರದಲ್ಲಿ: ನಿಮ್ಮ ಮಗುವೂ ಹೀಗೆ ನಗಲಿ.

ಹೊತ್ತು ಇಳಿದಿತ್ತು. ಮುಕುಂದ ಓಡಿ ಬಂದು ಮೊದಲ ಸಲ ಮೌನೇಶನ ಹೆಗಲ ಮೇಲೆ ಕೈ ಹಾಕಿದ.

“ನಾಡಿದ್ದ ಕೆಲಸಾ ಚಾಲೂ ಮಾರಾಯಾ! ಮೇಡಂ ಮೆಚ್ಚಿದ ಗಿಡಾ, ಹಂಗ ಬಯಲಾಗ ಬಿಟ್ರ ಹ್ಯಾಂಗ? ಸುತ್ತಲೂ ಗಾಜಿನ ಗ್ವಾಡಿ, ಮ್ಯಾಲ ಗಾಜಿನ ಛತ್ತು, ಒಳಗ ನಾಕು ಎಸಿ. ಈ ಸಲ ನಿನ್ನ ಮಾತ ಕೇಳಿ ಮಾಡ್ತೇನಿ. ಎಲ್ಲಾರ ಮುಂದ ಕೇಳಾಕತ್ತೀನಿ, ಹೇಳು. ಸೂರ್ಯಾ ಯಾವ ಕಡಿ ಮುಳಗ್ತಾನ?”

ಮೌನೇಶ ಮಗಳ ಕೊರಳಿನ ಟೈ ಬಿಚ್ಚಿ ಕಟ್ಟೆಯ ಮೇಲಿಟ್ಟ. ಕರಣಿ ಚೀಲಕ್ಕೆ ಹಾಕಿಕೊಂಡ. ಸೃಷ್ಟಿಯನ್ನು ಹೆಗಲಿಗೇರಿಸಿ, ಎದುರಿಗೆ ಕೆಂಪಗೆ ಇಳಿಯುತ್ತಿದ್ದ ಸೂರ್ಯನಿಗೆ ಮುಖವೊಡ್ಡಿ ನಡೆದುಬಿಟ್ಟ.