ಕುಂಬಳಕಾಯಿ ಕಾವಲು

ಇಷ್ಟೆಲ್ಲ ರಾದ್ಧಾಂತಕ್ಕೆ ಕಾರಣ ಬೆರಳುದ್ದದ ಒಂದು ಸಿಹಿಕುಂಬಳದ ತುಂಡು. ಆವಿಯಲ್ಲಿ ಮೆತ್ತಗೆ ಬೇಯಿಸಿ, ಆರಿಸಿ ತಟ್ಟೆಯಲ್ಲಿಟ್ಟ ಅದನ್ನು ಹತ್ತು ತಿಂಗಳ ಮಗು ತಾನೇ ಎತ್ತಿಕೊಂಡು ತಿನ್ನಬೇಕಿತ್ತು, ಅಷ್ಟೇ.

ಅಷ್ಟೇ ಅಂದರೂ ಅದು ಸುಲಭದ ಮಾತಲ್ಲ. ಈ ಮಗುವಿಗೆ ಹಾಲು ಆಗದು, ಮೊಟ್ಟೆ ಆಗದು. ಸೋಕಿದರೆ ಸಾಕು, ಕೆಂಪು ದದ್ದು. "ಇವತ್ತು ಕುಂಬಳ ಒಂದೇ. ಬೇರೆ ಹೊಸದೇನೂ ಬೇಡ. ದದ್ದು ಏಳದಿದ್ದರೆ ಮುಂದಿನ ತರಕಾರಿ ನೋಡೋಣ. ಎದ್ದರೆ ಮೂರು ತಿಂಗಳು ಮತ್ತೆ ಗಂಜಿಯೇ," ಎಂದಿದ್ದರು ಡಾಕ್ಟರು. ಗಂಜಿ ಕಂಡರೆ ಮಗು ಮುಖ ತಿರುಗಿಸುತ್ತಿತ್ತು. ಇಳಿದುಹೋದ ಅದರ ಕೆನ್ನೆ ನೋಡಿ ತಾಯಿಗೆ ಅನ್ನ ಸೇರುತ್ತಿರಲಿಲ್ಲ.

"ರೀ, ನಂಗೆ ರಜಾ ಸಿಗಲಿಲ್ಲ. ಎಲ್ಲ ನಿಮ್ಮ ಕೈಲಿದೆ. ಯಾರೂ ಏನೂ ಕೊಡದ ಹಾಗೆ ನೋಡ್ಕೊಳ್ಳಿ," ಎಂದು ಅವಳು ಬ್ಯಾಗು ಹೆಗಲಿಗೇರಿಸಿದಳು.

"ಇಷ್ಟು ವರ್ಷ ಅಂಗಡಿ ಬಾಗಿಲು ಕಾದಿದ್ದೀನಿ ಕಣೇ. ನನ್ನ ದಾಟಿ ಒಂದು ಇರುವೆ ಒಳಗೆ ಹೋಗಿಲ್ಲ," ಎಂದು ಗಂಡ ಪೊದೆಮೀಸೆ ತಿರುವಿದ.

ಅದು ಸುಳ್ಳಲ್ಲ. ದೊಡ್ಡ ಮಳಿಗೆಯೊಂದರಲ್ಲಿ ಸೆಕ್ಯುರಿಟಿ ಕೆಲಸದಲ್ಲಿದ್ದ ಅವನನ್ನು ಕಟ್ಟಡದವರೆಲ್ಲ ಗಾರ್ಡಪ್ಪ ಎಂದೇ ಕರೆಯುತ್ತಿದ್ದರು. ಜನರ ಜೇಬು ನೋಡಿ ನೋಡಿ ಅವನಿಗೆ ಮುಖ ನೋಡುವ ಅಭ್ಯಾಸವೇ ತಪ್ಪಿಹೋಗಿತ್ತು.

ಹೆಂಡತಿ ಮೆಟ್ಟಿಲಿಳಿದದ್ದೇ ತಡ, ಕೆಳಗಿನ ಮನೆಯ ಅಜ್ಜಿ ಹತ್ತಿ ಬಂದರು. ಗಾರ್ಡಪ್ಪ ಹೊಸ್ತಿಲಲ್ಲಿ ಅಡ್ಡ ನಿಂತ.

"ಅಜ್ಜಿ, ಕೈ ಮೇಲೆತ್ತಿ."

"ಯಾಕಪ್ಪಾ, ಮನೇಲಿ ಚಿನ್ನದ ಗಟ್ಟಿ ಇಟ್ಟಿದ್ದೀಯಾ?"

"ಮಗು ಇದೆ."

ಅಜ್ಜಿಯ ಕೈ ಖಾಲಿ, ಚೀಲ ಖಾಲಿ. ಕನ್ನಡಕ ಮೂಗಿನ ಮೇಲಿದ್ದರೂ ಅದರ ಡಬ್ಬಿ ಮಾತ್ರ ಯಾಕೋ ಭಾರವಾಗಿತ್ತು. ತೆರೆದರೆ ಎರಡು ಕ್ರೀಂ ಬಿಸ್ಕತ್ತು.

"ಇದರಲ್ಲಿ ಹಾಲಿದೆ ಅಜ್ಜಿ!"

"ಹಾಲೆಲ್ಲಿದೆಯೋ? ಒಣಗಿ ಕಟಕಟ ಅಂತಿದೆ. ಎಂಟು ಮಕ್ಕಳನ್ನ ಸಾಕಿದವಳು ನಾನು, ನಂಗೇ ಹೇಳಿಕೊಡ್ತೀಯಾ?"

ಬಿಸ್ಕತ್ತು ಜಪ್ತಿಯಾಯಿತು. ಅಜ್ಜಿಗೆ ಹೊಸ್ತಿಲಾಚೆ ಒಂದು ಸ್ಟೂಲು ಸಿಕ್ಕಿತು.

ಆಮೇಲೆ ಎದುರುಮನೆಯ ಟೀಚರು ಬಂದರು. ಆ ಬಾಗಿಲಿನಿಂದ ಈ ಬಾಗಿಲಿಗೆ ಬರಲು ಕೊಡೆ ಯಾಕೆ? ಗಾರ್ಡಪ್ಪ ಕೊಡೆ ಬಿಡಿಸಿದ. ನಾಲ್ಕು ರಸ್ಕು ಅವನ ತಲೆಯ ಮೇಲೆ ಪಟಪಟನೆ ಉದುರಿದವು.

"ಹಲ್ಲು ಬರೋ ಮಗೂಗೆ ಕಡಿಯೋಕೆ ಏನಾದ್ರೂ ಬೇಕಲ್ರೀ," ಎಂದು ಟೀಚರು ಪಾಠ ಶುರುಮಾಡಿದರು. ಗಾರ್ಡಪ್ಪ ತಲೆ ಕೊಡವಿ, ನೆಲ ಗುಡಿಸಿ, ಅವರಿಗೂ ಒಂದು ಸ್ಟೂಲು ಹಾಕಿದ.

ಇತ್ತ ಮಗು ತನ್ನ ಎತ್ತರದ ಕುರ್ಚಿಯಲ್ಲಿ ಕುಂಬಳದ ಜೊತೆ ಆಟಕ್ಕಿಳಿದಿತ್ತು. ಕಿವಿಗೆ ತುರುಕಿತು, ತಲೆಗೆ ತಿಕ್ಕಿಕೊಂಡಿತು, ಅಪ್ಪನ ಶರ್ಟಿಗೆ ಗುರಿಯಿಟ್ಟು ಎಸೆಯಿತು. ಬಾಯಿ ಒಂದನ್ನು ಬಿಟ್ಟು ಎಲ್ಲ ಕಡೆಗೂ ಕುಂಬಳ ಹೋಯಿತು. ಗಾರ್ಡಪ್ಪ ಮಂಡಿಯೂರಿ "ಆ..." ಎಂದು ಬಾಯಿ ತೆರೆದು ತೋರಿಸಿದ. ಹೊಸ್ತಿಲಾಚೆಯಿಂದ ಅಜ್ಜಿಯೂ ಟೀಚರೂ "ಆ..." ಎಂದರು. ಮೂವರೂ ಹಲ್ಲಿನ ಡಾಕ್ಟರ ಮುಂದೆ ಕೂತವರ ಹಾಗೆ ಕಾಣುತ್ತಿದ್ದರು. ಮಗು ಮಾತ್ರ ಬಾಯಿ ಬಿಡಲಿಲ್ಲ.

ಮಧ್ಯಾಹ್ನ ಕಳೆಯಿತು. ಚೂರು ಬಿದ್ದೀತೆಂಬ ಭಯಕ್ಕೆ ಗಾರ್ಡಪ್ಪ ಬೆಳಗಿನಿಂದ ತುತ್ತು ಮುಟ್ಟಿರಲಿಲ್ಲ. ಅವನ ಹೊಟ್ಟೆ ತಾಳ ಹಾಕತೊಡಗಿತು. ಅಜ್ಜಿಗೆ ಕರುಳು ಚುರುಕ್ ಎಂದಿತು. "ನೀನೇ ಬಿದ್ದುಹೋದ್ರೆ ಕಾವಲು ಯಾರು ಕಾಯ್ತಾರೋ?" ಎಂದು ಕೆಳಗಿನಿಂದ ದೊಡ್ಡ ಲೋಟದ ತುಂಬ ಕೆನೆಗಟ್ಟಿದ ಟೀ ತಂದುಕೊಟ್ಟರು. ಗಾರ್ಡಪ್ಪ ಅದನ್ನು ಒಳಗೆ ಬಿಡಲಿಲ್ಲ. ಮೆಟ್ಟಿಲ ಮೇಲೆ ನಿಂತು, ಮಗುವಿನ ಮೇಲೆ ಕಣ್ಣಿಟ್ಟುಕೊಂಡೇ ಗಟಗಟ ಕುಡಿದು, ಸೋಪು ಹಚ್ಚಿ ಮೊಣಕೈವರೆಗೆ ತೊಳೆದುಕೊಂಡ.

"ಶಿಸ್ತು ಅಂದ್ರೆ ಇದು," ಎಂದು ಟೀಚರು ಒಲ್ಲದ ಮನಸ್ಸಿನಿಂದಲೇ ಒಪ್ಪಿಕೊಂಡರು.

ಆಗಲೇ ಮಗು ಹೊಸ ತುಂಡೊಂದನ್ನು ಎತ್ತಿತು. ತಿರುಗಿಸಿ ನೋಡಿತು. ಬಾಯಿಗಿಟ್ಟಿತು. ಇದ್ದ ಎರಡೇ ಹಲ್ಲಿನಲ್ಲಿ ಕಡಿದು, ನುಂಗಿ, ಇನ್ನೊಂದಕ್ಕೆ ಕೈ ಚಾಚಿತು!

"ತಿಂದ್ಲು! ನನ್ನ ಚಿನ್ನ ತಾನೇ ತಿಂದ್ಲು!" ಗಾರ್ಡಪ್ಪ ಮಗಳನ್ನು ಎತ್ತಿಕೊಂಡು ಕುಣಿದಾಡಿಬಿಟ್ಟ. ಅಂಗಿ ಸರಿಸಿ ಹೊಟ್ಟೆಗೆ ಲೊಚಲೊಚನೆ ಮುತ್ತಿಟ್ಟ. ಮಗು ಕಿಲಕಿಲ ನಕ್ಕಿತು. ಟೀಚರು ಚಪ್ಪಾಳೆ ತಟ್ಟಿದರು, ಅಜ್ಜಿ ಕಣ್ಣೊರೆಸಿಕೊಂಡರು. ಹೆಂಡತಿಗೆ ಫೋನು ಹೋಯಿತು: "ಗೆದ್ವಿ ಕಣೇ!"

ಸ್ವಲ್ಪ ಹೊತ್ತಿನಲ್ಲಿ, ಕುಂಬಳ ಮೆತ್ತಿದ ಅಂಗಿ ಬಿಚ್ಚಿದರೆ ಹೊಟ್ಟೆಯ ಮೇಲೆ ಕೆಂಪು ದದ್ದು!

ಗಾರ್ಡಪ್ಪ ಬೆರಳಿಂದ ಒರೆಸಿ ನೋಡಿದ, ಅದು ಕುಂಬಳವಲ್ಲ. ಹೆಂಡತಿಗೆ ಮತ್ತೆ ಫೋನು ಹೋಯಿತು. ಮೂರು ತಿಂಗಳ ಗಂಜಿ ಕಣ್ಣ ಮುಂದೆ ಕುದಿಯುತ್ತಿದ್ದಂತೆ ಅವನು ಹೊಸ್ತಿಲ ಕಡೆ ತಿರುಗಿದ.

"ನಿಜ ಹೇಳಿ ಅಜ್ಜಿ! ನಾನು ಟೀ ಕುಡಿಯುವಾಗ ಒಳಗೆ ಏನು ಎಸೆದ್ರಿ?"

"ಎಸೆಯೋಕೆ ಮಗು ಏನು ನಾಯಿಮರೀನಾ? ಟೀ ಕೊಟ್ಟ ತಪ್ಪಿಗೆ ಕಳ್ಳಿ ಅಂತೀಯಾ?" ಅಜ್ಜಿ ಕಿಡಿಕಿಡಿಯಾದರು. ಸ್ಟೂಲಿನಡಿ, ಬಾಗಿಲ ಸಂದಿ, ಕೊಡೆಯ ಮಡಿಕೆ ಎಲ್ಲ ತಪಾಸಣೆಯಾಯಿತು. ಒಂದು ಚೂರೂ ಸಿಗಲಿಲ್ಲ.

ಹೆಂಡತಿ ಡಾಕ್ಟರ ಜೊತೆ ಫೋನಿನಲ್ಲಿ ಮಾತಾಡುತ್ತಲೇ ಏದುಸಿರು ಬಿಡುತ್ತ ಓಡಿಬಂದಳು. ಮಗು ಆರಾಮಾಗಿ ಆಡಿಕೊಂಡಿತ್ತು. ಕುಂಬಳ ಮೆತ್ತಿದ ಬಾಯಿಯ ಸುತ್ತ ಒಂದು ಗುಳ್ಳೆಯಿಲ್ಲ, ಕೈಯಲ್ಲೂ ಇಲ್ಲ.

"ತಿಂದದ್ದು ಹೊಟ್ಟೆ ಒಳಗೆ ಹೋಗುತ್ತೆ. ದದ್ದು ಹೊಟ್ಟೆ ಮೇಲೆ ಮಾತ್ರ ಯಾಕಿದೆ?" ಎಂದು ಅವಳು ಬಗ್ಗಿದಳು. ದದ್ದು ಎರಡೂ ಕಡೆ ರೆಕ್ಕೆ ಚಾಚಿ, ತುದಿಯಲ್ಲಿ ಕೊಂಚ ಮೇಲಕ್ಕೆ ತಿರುವಿಕೊಂಡಿತ್ತು. ಅವಳು ನಿಧಾನವಾಗಿ ತಲೆಯೆತ್ತಿ ಗಂಡನ ಮೀಸೆ ನೋಡಿದಳು. ಅಜ್ಜಿಯೂ ನೋಡಿದರು, ಟೀಚರೂ ನೋಡಿದರು. ಆ ಪೊದೆಮೀಸೆಯಲ್ಲಿ ಟೀಯ ಕೆನೆ ಅಂಟಿಕೊಂಡು ಕೂತಿತ್ತು.

"ಎಲ್ಲರ ಜೇಬೂ ನೋಡಿದ್ರಿ. ಒಂದ್ಸಲ ಕನ್ನಡಿ ನೋಡ್ಕೊಳ್ಳಲಿಲ್ವಾ?"

ಡಾಕ್ಟರು ಮಗುವಿನ ಉಸಿರಾಟ, ವಾಂತಿ ಎಲ್ಲ ವಿಚಾರಿಸಿದರು; ಚರ್ಮ ತೊಳೆದು, ಮೊದಲೇ ಬರೆದುಕೊಟ್ಟ ಔಷಧಿ ಹಾಕಿ, ಕಣ್ಣಿಟ್ಟಿರಲು ಹೇಳಿದರು. ಕತ್ತಲಾಗುವಷ್ಟರಲ್ಲಿ ದದ್ದು ಮಾಯವಾಯಿತು. ಮತ್ತೆ ಫೋನು ಮಾಡಿದಾಗ ಅವರು ನಗು ತಡೆಯಲಾರದೆ ತೀರ್ಪು ಕೊಟ್ಟರು: "ಕುಂಬಳ ಪಾಸು. ಮೀಸೆ ಫೇಲು."

ಮನೆ ತುಂಬ ಸಂಭ್ರಮ. ಗಾರ್ಡಪ್ಪ ಅಜ್ಜಿಯ ಕೈ ಹಿಡಿದು ತಪ್ಪಾಯಿತೆಂದ. ಹೊಸ್ತಿಲಾಚೆಯ ಸ್ಟೂಲುಗಳು ಒಳಗೆ ಬಂದವು. ಮೀಸೆ ಬೋಳಿಸಿಕೊಳ್ಳುವಾಗಲೂ ಅವನಿಗೆ ದುಃಖವಾಗಲಿಲ್ಲ. ಮಗಳು ತಿಂದಳಲ್ಲ, ಇನ್ನು ದಿನವೂ ಅವಳೆದುರು ಕೂತು ತಿನ್ನಿಸಬಹುದಲ್ಲ ಎಂದು ಹಿರಿಹಿರಿ ಹಿಗ್ಗುತ್ತ, ನುಣ್ಣನೆಯ ಮುಖ ಹೊತ್ತು ಹೊರಬಂದು ಕುಂಬಳದ ತುಂಡು ಚಾಚಿದ.

ಮಗು ಕಣ್ಣರಳಿಸಿ ನೋಡಿತು. ಕೆಳತುಟಿ ಮುಂದೆ ಬಂತು. ಮರುಗಳಿಗೆ ಸೂರು ಹಾರುವಂತೆ ಕಿರುಚಿ, ಅಜ್ಜಿಯ ಕುತ್ತಿಗೆಗೆ ಜೋತುಬಿದ್ದಿತು. ಅಜ್ಜಿ ಕೈ ತೊಳೆದು ಬಂದು ಅದೇ ತಟ್ಟೆ ಹಿಡಿದರೆ, ಬಿಕ್ಕುತ್ತಲೇ ತುಂಡು ಎತ್ತಿಕೊಂಡು ಚಪ್ಪರಿಸತೊಡಗಿತು.

"ಬೇಜಾರು ಮಾಡ್ಕೋಬೇಡಪ್ಪಾ," ಎಂದರು ಅಜ್ಜಿ. "ಗುರುತಿಲ್ಲದವರ ಕೈಯಿಂದ ಏನೂ ತಿನ್ನಬಾರದು ಅಂತ ಮಗೂಗೆ ನೀನೇ ಚೆನ್ನಾಗಿ ಕಲಿಸಿದ್ದೀಯ."