ಮೂರು ತಲೆಯ ತೆಂಗು, ಒಂದು ಹೊಸ ಕಾರು

ಕುಂಬಾರಕೊಪ್ಪಲಿನ ನಮ್ಮನೆ ಅಂಗಳದಲ್ಲೊಂದು ತೆಂಗಿನಮರ ಇದೆ. ಬೆಳೀತಾ ಬೆಳೀತಾ ಅದಕ್ಕೇನನ್ನಿಸಿತೋ, ಕವಲೊಡೆದು ಮೂರು ತಲೆ ಮಾಡ್ಕೊಂಡಿದೆ. ಅದಿರೋವರೆಗೂ ನಮ್ಮ ಬೀದೀಲಿ ನಗುವಿಗೆ ಬರ ಇಲ್ಲ. ನಮ್ಮತ್ತೆ ನೆಟ್ಟಿದ್ದು, ನಂಗೆ ಅದರ ಮೇಲೆ ಪ್ರಾಣ. ನಮ್ಮೆಜಮಾನ್ರಿಗೆ ಮಾತ್ರ ಹೊಸ ಕಾರು ತಂದಾಗಿನಿಂದ ಅದನ್ನ ಕಂಡ್ರಾಗಲ್ಲ. ಕಾಯಿ ಬಿದ್ದು ಕಾರು ನಜ್ಜುಗುಜ್ಜಾಗತ್ತೆ, ಕಡಿಸಿಬಿಡ್ತೀನಿ ಅಂತ ದಿನಾ ಒಂದೇ ರಾಗ.

೧. ಪಾಲು

ಮರ ಯಾಕೆ ಹೀಗಾಯ್ತು ಅನ್ನೋದಕ್ಕೆ ಬಾಯಿಗೊಂದು ಮಾತು. ಸಿಡಿಲು ಹೊಡೀತು ಅಂತ ಹಾಲಿನವನು. ಎಳೇ ಸುಳೀನ ದುಂಬಿ ಕೊರೀತು ಅಂತ ಪಕ್ಕದ್ಮನೆ ಮೇಷ್ಟ್ರು. ಎದುರುಮನೆ ಅಜ್ಜಿ ನಮ್ಮೆಜಮಾನ್ರಿಗೆ, "ನೀವು ಮೂರು ಜನ ಅಣ್ಣತಮ್ಮಂದಿರು ಪಾಲಾದ ವರ್ಷವೇ ಅದೂ ಪಾಲಾಯ್ತು ಕಣಪ್ಪ" ಅಂದ್ರು.

ಹಾಗಾದ್ರೆ ನನ್ನ ಪಾಲಿನ ತಲೆ ಕಡಿಸ್ತೀನಿ ಅಂದ್ರು ಇವರು.

"ಇನ್ನಿಬ್ಬರ ಸಹಿ ಬೇಕಾಗ್ತದೆ" ಅಂತ ಅಜ್ಜಿ ಒಳಗೆ ಹೋದ್ರು.

೨. ಬೆರಳು

ನಾನು ಮಾರ್ಕೆಟ್ಟಿಗೆ ಹೋದ ಹೊತ್ತು ನೋಡ್ಕೊಂಡು ಇವರು ಮರ ಹತ್ತೋನನ್ನ ಕರೆಸಿದ್ರು. ವಾಪಸ್ ಬಂದು ನೋಡಿದ್ರೆ ಅವನ ಸೊಂಟದಲ್ಲಿ ಕತ್ತಿ. ಆದ್ರೆ ಅವನು ಚಪ್ಪಲಿ ಬಿಟ್ಟು ಮರಕ್ಕೆ ಕೈ ಮುಗೀತಿದ್ದ.

"ಬ್ರಹ್ಮ, ವಿಷ್ಣು, ಮಹೇಶ್ವರ ಮೂರೂ ಜನ ಅವ್ರೆ ಸಾ. ಮೊದ್ಲು ಯಾರ ತಲೆ ತೆಗೀಲಿ? ನೀವೇ ಬೆರಳು ಮಾಡಿ ಹೇಳ್ಬುಡಿ" ಅಂದ.

ಎತ್ತಿದ ಬೆರಳಲ್ಲಿ ಇವರು ತಮ್ಮ ತಲೆ ಕೆರ್ಕೊಂಡ್ರು. ನಾನು ಅವನಿಗೆ ಎರಡು ಲೋಟ ಕಾಫಿ ಕೊಟ್ಟು ಕಳಿಸಿದೆ.

೩. ಪ್ರದಕ್ಷಿಣೆ

ಅವನು ಹೋದ ಕಡೆಯೆಲ್ಲ ಸುದ್ದಿ ಹಬ್ಬಿಸಿದ. ಶುಕ್ರವಾರ ಬಂತು ಅಂದ್ರೆ ಹೆಂಗಸರು ಅರಿಶಿನ ಕುಂಕುಮ ಹಿಡ್ಕೊಂಡು ಹಾಜರ್. ಅಂಗಳದಲ್ಲಿ ಬೇರೆ ಜಾಗ ಇಲ್ದೆ ಕಾರು ಮರಕ್ಕೆ ಒತ್ಕೊಂಡೇ ನಿಂತಿರ್ತಿತ್ತಲ್ಲ, ಮರ ಸುತ್ತಬೇಕಾದ್ರೆ ಅದನ್ನೂ ಸುತ್ತಬೇಕು. ಒಂದು ಶುಕ್ರವಾರ ಇವರು ಕಾರೊಳಗೆ ಕೂತು ಇನ್ನೇನು ಹೊರಡಬೇಕು, ಪ್ರದಕ್ಷಿಣೆ ಅರ್ಧಕ್ಕೆ ತಪ್ಪಿಸಬೇಡಿ, ಸುಮ್ನೆ ಕೂತಿರಿ ಅಂದುಬಿಟ್ಲು ಒಬ್ಬಳು. ಕೂತಿದ್ರು ಪಾಪ. ಹೋಗೋವಾಗ ಅವಳು ಬಾನೆಟ್ಟಿಗೆ ಕುಂಕುಮ ಇಟ್ಟು, ಕಿಟಕಿಯಿಂದ ಇವರ ತಲೆ ಮೇಲೂ ನಾಕು ಅಕ್ಷತೆ ಹಾಕಿದಳು.

ಮಾರನೇ ದಿನವೇ ಕಾರು ಬೀದಿಗೆ ಹೋಯ್ತು, ಅಜ್ಜಿ ಮನೆ ಕಾಂಪೌಂಡಿನ ನೆರಳಿಗೆ.

೪. ಬಿದ್ದದ್ದು

ವಾರ ಕಳೆದಿಲ್ಲ, ಒಂದು ಬೆಳಿಗ್ಗೆ ಧಡಾರ್ ಅಂತ ಸದ್ದು. ಓಡಿಹೋಗಿ ನೋಡಿದ್ರೆ ಬಾನೆಟ್ಟು ತಪ್ಪಲೆ ಥರ ತಗ್ಗಿದೆ, ಪಕ್ಕದಲ್ಲಿ ಬಲಿತ ಕಾಯಿ. ಅಜ್ಜಿ ಮನೆ ಮರದ್ದು. ಒಂದೇ ತಲೆ, ಬಲು ಸಭ್ಯ ಮರ. ಮುಗೀತು, ಇನ್ನು ಇವರಿಗೆ ತೆಂಗಂದ್ರೇ ಆಗಲ್ಲ, ನಮ್ಮ ಮರ ಉಳಿಯಲ್ಲ ಅಂದ್ಕೊಂಡು ನನಗೆ ಅಳುವೇ ಬಂತು.

ಇವರು ಕಾಯಿ ಎತ್ಕೊಂಡು ಅಂಗಳಕ್ಕೆ ಬಂದು, ನಮ್ಮ ಮರದ ಕೆಳಗೆ ನಿಂತು ಮೇಲೆ ನೋಡಿದ್ರು.

"ಮೂರು ತಲೆ ಇಟ್ಕೊಂಡೂ ಒಂದಿನ ಹಿಂಗೆ ಮಾಡಿಲ್ಲ ಕಣೇ ಇದು" ಅಂದ್ರು. ಕಾರನ್ನ ಹಳೇ ಜಾಗಕ್ಕೇ ತಂದು ನಿಲ್ಲಿಸಿ, ಆ ಕಾಯಿನ ನನ್ನ ಕೈಗಿಟ್ಟು, "ಶುಕ್ರವಾರ ಇದನ್ನ ಮರದ ಮುಂದೆ ಒಡೆದ್ಬುಡು" ಅಂದ್ರು.